ಒಬ್ಬರೇ ಹೊಲಿಯುವ ಮಷೀನು

ಎರಡನೇ ಮಹಾಯುದ್ಧ ಶುರುವಾಗುವುದಕ್ಕೆ ಒಂದು ವರ್ಷ ಮುಂಚಿನ ಮಾತು. ನಾನಾಗ ಗಂಗಾವತಿಯ ಅಕ್ಕಿ ಗಿರಣಿಯೊಂದರಲ್ಲಿ ಗುಮಾಸ್ತ. ನಮ್ಮಪ್ಪ ಕುಕನೂರಿನಲ್ಲಿ ದರ್ಜಿ. ಅವ್ವ ತೀರಿಕೊಂಡು ಎಂಟು ತಿಂಗಳಾಗಿತ್ತು.

ಅಪ್ಪನದು ನೆಲದ ಮೇಲಿಟ್ಟು ಹೊಲಿಯುವ ಕೈಮಷೀನು. ಅಪ್ಪ ಎರಡೂ ಕೈಯಲ್ಲಿ ಬಟ್ಟೆ ಹಿಡಿದು ಸರಿಸಿದರೆ, ಅವ್ವ ಎದುರಿಗೆ ಕುಳಿತು ಹಿಡಿಕೆ ತಿರುಗಿಸುತ್ತಿದ್ದಳು. ಇಪ್ಪತ್ತು ವರ್ಷ ಹೀಗೇ ನಡೆದಿತ್ತು. ಕೊರಳಪಟ್ಟಿಯ ತಿರುವು ಬಂದಾಗ ಅಪ್ಪ “ಹ್ಞೂಂ” ಅಂದರೆ ಸಾಕು, ಅವ್ವನ ಕೈ ನಿಲ್ಲುತ್ತಿತ್ತು. ಅವಳು ಹೋದ ಮೇಲೆ ಅಪ್ಪ ಬಲಗೈಯಲ್ಲಿ ತಾನೇ ತಿರುಗಿಸಿಕೊಳ್ಳುತ್ತ, ಎಡಗೈಯೊಂದರಲ್ಲೇ ಬಟ್ಟೆ ಸರಿಸುತ್ತಿದ್ದ. ಹೊಲಿಗೆ ಸೊಟ್ಟ ಹೋಗುತ್ತಿತ್ತು. ಬಿಚ್ಚಿ ಮತ್ತೆ ಹೊಲಿಯುತ್ತಿದ್ದ. ಗಿರಾಕಿಗಳು ಒಬ್ಬೊಬ್ಬರೇ ಬೇರೆ ಕಡೆ ಹೋಗತೊಡಗಿದ್ದರು. ದಸರೆಗೆ ಊರಿಗೆ ಹೋದಾಗ ಇದನ್ನು ಕಣ್ಣಾರೆ ಕಂಡೆ.

ಕೈಗೆ ಸಂಬಳ ಬಂದರೆ ತಲೆಗೆ ಬುದ್ಧಿಯೂ ಬಂತು ಅಂದುಕೊಳ್ಳುವ ವಯಸ್ಸು ಅದು. ಅಪ್ಪನಿಗೆ ಹೊಸ ಮಷೀನು ಕೊಡಿಸಬೇಕು, ಅದೂ ಹೇಳದೆ ಕೇಳದೆ ತಂದು ಮುಂದಿಡಬೇಕು ಎಂದು ನಿಶ್ಚಯ ಮಾಡಿದೆ. “ರಿಪೇರಿ ಮಾಡಿಸ್ಕೊಂಡು ಬರ್ತೀನಿ, ಯಪ್ಪಾ” ಎಂದು ಸುಳ್ಳು ಹೇಳಿ, ಹಳೆಯದನ್ನು ಚಕ್ಕಡಿಯಲ್ಲಿ ಹಾಕಿಕೊಂಡು ಕೊಪ್ಪಳಕ್ಕೆ ಹೋದೆ.

ಅಂಗಡಿಯವರು ಎರಡು ಮಷೀನು ತೋರಿಸಿದರು. ಒಂದು ಕೈಯದು, ಅಪ್ಪನ ಮಷೀನಿನ ಹಾಗೆಯೇ. ಇನ್ನೊಂದು ಕಾಲಲ್ಲಿ ತುಳಿಯುವುದು. ಯಾವುದು ಒಯ್ಯಲಿ ಎಂದು ತಿಳಿಯದೆ ಅರ್ಧ ದಿನ ಅಲ್ಲೇ ಕಳೆದೆ. ಕೊನೆಗೆ ಅಂಗಡಿಯವರೇ ಕೇಳಿದರು.

“ಹೊಲಿಯೋರು ಎಷ್ಟು ಮಂದಿ ಅದಾರ್ರಿ?”

“ನಮ್ಮಪ್ಪ ಒಬ್ಬಾವನ ಅದಾನ್ರಿ.”

“ಹಂಗಾರ ಕಾಲಿಂದು ಒಯ್ರಿ. ಎರಡೂ ಕೈ ಖುಲ್ಲಾ ಇರ್ತಾವ. ತಿರುವಾಕ ಇನ್ನೊಬ್ಬರ ಹಂಗು ಬ್ಯಾಡ.”

ಇದಕ್ಕಿಂತ ಇನ್ನೇನು ಬೇಕು? ಕಾಲಿನದನ್ನೇ ಆರಿಸಿದೆ. ಹಳೆಯದನ್ನು ಅದಲುಬದಲಿಗೆ ಕೊಟ್ಟುಬಿಟ್ಟೆ. ಹೊಸದನ್ನು ಜೋಡಿಸಿ ಕೊಡಲು ಮೂರು ದಿನ ಹಿಡಿಯಿತು. ಅಷ್ಟೂ ದಿನ ಅಲ್ಲೇ ಪರಿಚಯದವರ ಮನೆಯಲ್ಲಿದ್ದೆ.

ಊರಿಗೆ ತಂದು ಇಳಿಸಿದಾಗ ಅಪ್ಪ ಅದರ ಸುತ್ತ ಒಂದು ಸುತ್ತು ಬಂದ. ಮುಟ್ಟಲಿಲ್ಲ.

“ಛಲೋ ಐತಿ. ನಮ್ದು ಎಲ್ಲೈತಿ?”

“ಅದನ್ನ ಕೊಟ್ಟು ಇದನ್ನ ತಂದೆ, ಯಪ್ಪಾ. ಇದಕ್ಕ ತಿರುವೋರು ಬೇಕಾಗಂಗಿಲ್ಲ.”

“ತಿರುವೋರು ಬೇಕಾಗಂಗಿಲ್ಲ” ಎಂದು ಅಪ್ಪ ನನ್ನ ಮಾತನ್ನೇ ಮೆಲ್ಲಗೆ ಅಂದ. ಆಮೇಲೆ ಹೇಳಿದ: “ಆ ಹಿಡಿಕಿ ಹಿಡದಾಗ ನಿಮ್ಮವ್ವನ ಕೈ ಹಿಡದಂಗ ಆಗ್ತಿತ್ತಪ್ಪಾ. ಅದಕ್ಕ, ಹೊಲಿಗಿ ಸೊಟ್ಟ ಆದ್ರೂ ಹೊಲೀತಿದ್ದೆ.”

ನಾಚಿಕೆಯಿಂದ ನನಗೆ ತಲೆ ಎತ್ತಲಾಗಲಿಲ್ಲ. ಮರುದಿನವೇ ಕೊಪ್ಪಳಕ್ಕೆ ಓಡಿದೆ. ಕಾಲ ಮಿಂಚಿತ್ತು. ಹಳೆಯ ಮಷೀನನ್ನು ಯಲಬುರ್ಗಾದ ದರ್ಜಿಯೊಬ್ಬ ಕೊಂಡು ಹೋಗಿದ್ದ. ಕೈಕಾಲು ಹಿಡಿದಾದರೂ ಬಿಡಿಸಿಕೊಂಡು ಬರಬೇಕೆಂದು ಅಲ್ಲಿಗೂ ಹೋದೆ.

ವಿಚಾರಿಸುತ್ತ ವಿಚಾರಿಸುತ್ತ ಅವನ ಮನೆ ಬಾಗಿಲಿಗೆ ಬಂದು ನಿಂತೆ. ಹೊಸದಾಗಿ ಮದುವೆಯಾದ ಜೋಡಿ. ಗಂಡ ಕುಬಸದ ತೋಳು ಹೊಲಿಯುತ್ತಿದ್ದ, ಹೆಂಡತಿ ಎದುರಿಗೆ ಕುಳಿತು ಹಿಡಿಕೆ ತಿರುಗಿಸುತ್ತಿದ್ದಳು. ಆಕೆಗೆ ಇನ್ನೂ ಹದ ಸಿಕ್ಕಿರಲಿಲ್ಲ. ಅವನು “ನಿಂದ್ರು, ನಿಂದ್ರು” ಅನ್ನುವಷ್ಟರಲ್ಲಿ ಎರಡು ಸುತ್ತು ಹೆಚ್ಚಿಗೆ ತಿರುಗಿಸಿಬಿಡುತ್ತಿದ್ದಳು. ಇಬ್ಬರೂ ನಗುತ್ತಿದ್ದರು.

ನನ್ನನ್ನು ಕಂಡು ಅವನು, “ಬರ್ರಿ, ಏನ್ ಹೊಲಿಸಬೇಕಿತ್ರಿ?” ಎಂದ.

“ಏನಿಲ್ರಿ. ಕುಡಿಯಾಕ ಒಂದೀಟು ನೀರು ಬೇಕಿತ್ತು.”

ಆಕೆ ಎದ್ದು ತಂದುಕೊಟ್ಟಳು. ಕುಡಿದು ಬಂದುಬಿಟ್ಟೆ.

ಅಪ್ಪನಿಗೆ ಇನ್ನೊಮ್ಮೆ ಸುಳ್ಳು ಹೇಳುವ ಧೈರ್ಯ ಆಗಲಿಲ್ಲ. ಕಂಡದ್ದನ್ನೆಲ್ಲ ಹೇಳಿದೆ. ಕೇಳಿ, “ಬಿಟ್ಟು ಬಂದದ್ದು ಛಲೋ ಆತು” ಅಂದ. ಆಮೇಲೆ, “ಆದ್ರ ಒಯ್ಯೂಕಿಂತ ಮೊದಲ ನನ್ನ ಒಂದು ಮಾತು ಕೇಳಬೇಕಿತ್ತು, ತಮ್ಮಾ” ಅಂದ. ಬೈದಿದ್ದರೆ ಎಷ್ಟೋ ವಾಸಿಯಿತ್ತು.

ಆ ಕಾಲಿನ ಮಷೀನಿನಲ್ಲಿ ಅಪ್ಪ ಒಂಬತ್ತು ವರ್ಷ ಹೊಲಿದ. ಹೊಲಿಗೆ ನೆಟ್ಟಗಾಯಿತು, ಗಿರಾಕಿಗಳೂ ಮರಳಿ ಬಂದರು. “ನನ್ನ ಮಗ ಕೊಡಿಸ್ಯಾನ” ಎಂದು ಬಂದವರಿಗೆಲ್ಲ ಹೇಳುತ್ತಿದ್ದನಂತೆ. ನಾನು ರಜೆಗೆ ಹೋದಾಗಲೆಲ್ಲ ಅವನು ಗೋಡೆಯ ಕಡೆ ಮುಖ ಮಾಡಿ ತುಳಿಯುತ್ತ ಕುಳಿತಿರುತ್ತಿದ್ದ. ನಾನು ಹಿಂದೆ ಚಾಪೆಯ ಮೇಲೆ ಸುಮ್ಮನೆ ಕುಳಿತಿರುತ್ತಿದ್ದೆ. ಅಲ್ಲಿ ನನಗೆ ಮಾಡಲು ಕೆಲಸವೇನೂ ಇರುತ್ತಿರಲಿಲ್ಲ. ಕೈಮಷೀನೇ ಇದ್ದಿದ್ದರೆ, ವರ್ಷಕ್ಕೆ ನಾಲ್ಕು ದಿನವಾದರೂ ಅಪ್ಪನ ಎದುರಿಗೆ ಕುಳಿತು ನಾನೇ ತಿರುಗಿಸಬಹುದಿತ್ತು. ಅಂಗಡಿಯಲ್ಲಿ ಅರ್ಧ ದಿನ ನಿಂತು ಆರಿಸಿದೆ, ಇದೊಂದು ಮಾತ್ರ ನನಗೆ ಹೊಳೆಯಲಿಲ್ಲ.