ಮೊಮ್ಮಗಳ ಕೋವಿ ಗುರಿ ತಪ್ಪಿದ್ದು

ನಾನು ಮೂರನೇ ಕ್ಲಾಸಿಗೇ ಶಾಲೆ ಬಿಟ್ಟವಳು. ಬರೆದು ಅಭ್ಯಾಸವಿಲ್ಲ. ಆದರೂ ಇದನ್ನು ಬರೆಯದೆ ಇರಲಾರೆ, ಅಷ್ಟು ಖುಷಿ ಹೊಟ್ಟೆಯೊಳಗೆ ತುಂಬಿಕೊಂಡಿದೆ.

ನಮ್ಮದು ಕೊಡಗು. ಹೆಣ್ಣುಮಕ್ಕಳೂ ಕೋವಿ ಹಿಡಿಯುವ ಮನೆತನ. ಆ ವರ್ಷ ಅಕ್ಟೋಬರಿನಲ್ಲಿ ನಾನು ಪ್ರಿನ್ಸ್‌ಟನ್ ಹತ್ತಿರದ ಮಗಳ ಮನೆಗೆ ಹೋದಾಗ, ಅಲ್ಲೇ ಹುಟ್ಟಿ ಬೆಳೆದು ಕಾಲೇಜು ಸೇರಿದ್ದ ಮೊಮ್ಮಗಳು ಬೇಟೆಯ ಲೈಸೆನ್ಸ್ ತೆಗೆದುಕೊಂಡಿದ್ದಳು. ಹೊಸ ರೈಫಲ್ಲೂ ಬಂದಿತ್ತು. ನವೆಂಬರಿನಲ್ಲಿ ಅಪ್ಪನ ಜೊತೆ ನ್ಯೂಯಾರ್ಕಿನ ಬೆಟ್ಟಗಳಿಗೆ ಜಿಂಕೆ ಬೇಟೆಗೆ ಹೋಗಬೇಕೆಂಬುದು ಅವಳ ಒಂದೇ ಆಸೆ. ಆದರೆ ಗುಂಡು ಗುರಿಗೆ ಬೀಳುತ್ತಲೇ ಇರಲಿಲ್ಲ.

ಅಳಿಯ ಖಡಾಖಂಡಿತವಾಗಿ ಹೇಳಿಬಿಟ್ಟಿದ್ದ: "ಗುರಿ ಇಟ್ಟ ಕಡೆ ಗುಂಡು ಬೀಳದಿದ್ರೆ ಹೋಗೋದು ಬೇಡ ಮರಿ. ಪ್ರಾಣಿ ಗಾಯ ಆಗಿ ಓಡ್ಹೋಗಿ ಎಲ್ಲೋ ನರಳೋದು ನಂಗೆ ಬೇಡ."

ಅವನದು ಕಂಪ್ಯೂಟರ್ ಕೆಲಸ. ಎರಡು ಸಾವಿರದ ಇಸವಿ ಬಂದರೆ ಕಂಪ್ಯೂಟರುಗಳೆಲ್ಲ ತಪ್ಪು ಲೆಕ್ಕ ಮಾಡುತ್ತವೆಂದು ಜನ ಹೆದರಿದ್ದ ಕಾಲ. ತಪ್ಪು ಹುಡುಕುವುದೇ ಅವನಿಗೆ ಉದ್ಯೋಗ. ರೈಫಲ್ಲಿಗೂ ಅದೇ ಕ್ರಮ ಹಿಡಿದ.

"ಒಂದ್ಸಲಕ್ಕೆ ಒಂದೇ ಚೇಂಜ್ ಮಾಡ್ಬೇಕು ಅತ್ತೆ. ಇಲ್ಲಾಂದ್ರೆ ಯಾವುದ್ರಿಂದ ಸರಿಹೋಯ್ತು ಅಂತ ಗೊತ್ತಾಗಲ್ಲ."

ಒಂದು ವೀಕೆಂಡ್ ರೈಫಲ್ಲಿನ ಮೇಲೆ ಕೂರಿಸಿದ್ದ ದುರ್ಬೀನಿನ ಸ್ಕ್ರೂ ಬಿಗಿದ. ಆಮೇಲೆ ಬೇರೆ ಗುಂಡು ತಂದ. ನಳಿಗೆಯೊಳಗೆ ಬ್ರಷ್ ಆಡಿಸಿ ಒರೆಸಿದ. ಅವಳ ಕೈ ನಡುಗುತ್ತಿದೆಯೇನೋ ಎಂದು ತಾನೇ ಮರಳಿನ ಚೀಲದ ಮೇಲಿಟ್ಟು ಹೊಡೆದ. ಆಗಲೂ ಮೊದಲ ಗುಂಡು ನಡುವಿಗೆ, ಎರಡನೆಯದು ಬಲಕ್ಕೆ, ಮೂರನೆಯದು ಇನ್ನೂ ಬಲಕ್ಕೆ. ನಳಿಗೆ ಬಿಸಿಯಾದ ಹಾಗೆಲ್ಲ ಗುಂಡು ಅತ್ತ ಸರಿಯುತ್ತಿತ್ತು.

"ಇಟ್ ವಾಸ್ ಫೈನ್ ಇನ್ ಆಗಸ್ಟ್, ಡ್ಯಾಡ್!" ಮೊಮ್ಮಗಳು ಅಳುಮುಖ ಮಾಡಿದಳು.

ನಳಿಗೆ ಮರದ ಹಿಡಿಗೆ ತಾಗಬಾರದಂತೆ; ತಾಗಿದರೆ ಬಿಸಿಗೆ ಹಿಗ್ಗಿದಾಗ ಒಂದು ಪಕ್ಕಕ್ಕೆ ಒತ್ತಿಕೊಳ್ಳುತ್ತದಂತೆ. ನಡುವೆ ಕಾಗದ ಓಡಾಡುವಷ್ಟು ಸಂದು ಇರಬೇಕಂತೆ. ಅಳಿಯ ಖಾಲಿ ರೈಫಲ್ಲನ್ನು ಅಡುಗೆಮನೆಯ ಟೇಬಲ್ ಮೇಲಿಟ್ಟು ಕಾಗದದ ಪಟ್ಟಿಯೊಂದನ್ನು ಆ ಸಂದಿಗೆ ತೂರಿಸಿದ. ಅರ್ಧಕ್ಕೆ ಬಂದು ನಿಂತಿತು. ಸ್ಕ್ರೂ ಬಿಚ್ಚಿ ನಳಿಗೆಯನ್ನು ಮರದಿಂದ ಎತ್ತಿದ. ನೋಡಿದರೆ ಅಕ್ಕಿ! ಅರಿಶಿನ ಹಚ್ಚಿದ ಅಕ್ಕಿಕಾಳುಗಳು ಗಂಧದಲ್ಲಿ ಅಂಟಿ, ಒಣಗಿ, ಕಲ್ಲಿನ ಹಾಗೆ ಕೂತಿದ್ದವು.

"ಇದ್ಯಾರಪ್ಪ ರೈಫಲ್‌ಗೆ ಚಿತ್ರಾನ್ನ ಬಡಿಸಿದ್ದು?" ಎಂದ ಅಳಿಯ.

ಮೊಮ್ಮಗಳ ಕಿವಿ ಕೆಂಪಾಯಿತು. "ಕೈಲ್ ಮುಹೂರ್ತ... ಅಜ್ಜಿ ಟೋಲ್ಡ್ ಮಿ. ಫೋನಲ್ಲಿ."

ಸೆಪ್ಟೆಂಬರಿನಲ್ಲಿ, ನಮ್ಮ ಕಡೆ ಕೋವಿಗಳಿಗೆ ಪೂಜೆ ಮಾಡುವ ಆ ಹಬ್ಬದ ದಿನ, ನಾನು ಫೋನಿನಲ್ಲಿ ಸುಮ್ಮನೆ ವರ್ಣಿಸಿದ್ದೆ: ಕೋವಿಗಳನ್ನು ಸಾಲಾಗಿಟ್ಟು ಗಂಧ ಹಚ್ಚುತ್ತೇವೆ, ನಳಿಗೆಯ ಬಾಯಿಗೆ ಹೂ ಸಿಕ್ಕಿಸುತ್ತೇವೆ, ಅಕ್ಷತೆ ಹಾಕುತ್ತೇವೆ ಎಂದು. ಆ ಕಡೆಯಿಂದ "ಹೂಂ, ಓಕೆ" ಅಷ್ಟೇ. ಕೇಳುತ್ತಿದ್ದಾಳೋ ಟೀವಿ ನೋಡುತ್ತಿದ್ದಾಳೋ ಎಂದುಕೊಂಡಿದ್ದೆ. ಅಪ್ಪ ಅಮ್ಮ ಕೆಲಸಕ್ಕೆ ಹೋದ ಮೇಲೆ ಒಬ್ಬಳೇ ಎಲ್ಲವನ್ನೂ ಮಾಡಿದ್ದಾಳೆ, ನನ್ನ ಬಂಗಾರ! ಸಂಜೆ ಹೂ ತೆಗೆದು ಒರೆಸಿಟ್ಟಿದ್ದಾಳೆ. ಅಕ್ಕಿ ಒಳಗೆ ಜಾರಿದ್ದು ಪಾಪ ಅವಳಿಗೇನು ಗೊತ್ತು?

"ನಮ್ಮ ಹಳೇ ಕೋವೀಲಿ ಇಂಥ ಸಂದೇ ಇರಲಿಲ್ಲ ಕಣೇ. ಎಷ್ಟು ಸುರಿದ್ರೂ ಕೆಳಗೆ ಬೀಳ್ತಿತ್ತು!" ಎಂದು ಅವಳನ್ನು ತಬ್ಬಿಕೊಂಡೆ. ನಗುತ್ತ ನಗುತ್ತಲೇ ಕಣ್ಣೊರೆಸಿಕೊಂಡೆ.

ಅಳಿಯ ಅಕ್ಕಿಯನ್ನೆಲ್ಲ ಕೆರೆದು ತೆಗೆದ. ಮುಂದಿನ ಶನಿವಾರ ಅವಳು ಹೊಡೆದ ಮೂರೂ ಗುಂಡು ನನ್ನ ಹಣೆಯ ಕುಂಕುಮದಷ್ಟು ಜಾಗದಲ್ಲಿ ಬಿದ್ದವು. ಅಳಿಯ ಆ ಗುರಿಯ ಕಾಗದವನ್ನು ಫ್ರಿಜ್ಜಿನ ಮೇಲೆ ಅಂಟಿಸಿದ. ಬಂದವರಿಗೆಲ್ಲ ನಾನೇ ಕೈಹಿಡಿದು ಎಳೆದು ತೋರಿಸಿದೆ.

ಬೇಟೆಗೆ ಹೊರಡುವ ಬೆಳಿಗ್ಗೆ ಅವಳು ನನ್ನ ಕಾಲಿಗೆ ಬಗ್ಗಿದಳು. ನಾನು ಅಕ್ಷತೆಯ ಬಟ್ಟಲು ಎತ್ತಿದ್ದೇ ತಡ, ಅಳಿಯ ಓಡಿ ಬಂದು ರೈಫಲ್ ಕೇಸಿನ ಜಿಪ್ ಎಳೆದು ಮುಚ್ಚಿದ.

"ಹ್ಞಾಂ, ಈಗ ಹಾಕಿ ಅತ್ತೆ. ಎಷ್ಟು ಬೇಕಾದ್ರೂ!"

ಎರಡೂ ಕೈ ತುಂಬ ಹಾಕಿದೆ. ಕೂದಲ ತುಂಬ ಹಳದಿ ಅಕ್ಕಿ. ಒಂದು ಕಾಳನ್ನೂ ಕೊಡವಿಕೊಳ್ಳದೆ ಅವಳು ಕಾರು ಹತ್ತಿದಳು.