ಹಡಗು, ಶೀಶೆ ಮತ್ತು ನನ್ನ ಹೆಬ್ಬೆರಳು

ನಾನು ಸಮುದ್ರ ನೋಡಿದ್ದು ಒಂದೇ ಸಲ, ಅದೂ ಬೆನ್ನು ಹಾಕಿ. ಶಾಲೆಯ ಪ್ರವಾಸಕ್ಕೆಂದು ಕಾರವಾರಕ್ಕೆ ಹೋಗಿದ್ದೆವು. ಮಕ್ಕಳನ್ನೆಲ್ಲ ಮರಳಿನ ಮೇಲೆ ಕೂರಿಸಿ, ಅವರಿಗೂ ನೀರಿಗೂ ನಡುವೆ ಗೋಡೆಯಂತೆ ನಿಂತು, ತಲೆ ಎಣಿಸುತ್ತಲೇ ಸಂಜೆ ಮಾಡಿದೆ. ಹಿಮ್ಮಡಿಗೆ ಎರಡು ಸಲ ನೀರು ತಾಗಿತು. ನನ್ನ ಸಮುದ್ರಾನುಭವ ಅಷ್ಟೇ. ಇಂಥವನು ಐವತ್ತೊಂದನೆಯ ವಯಸ್ಸಿನಲ್ಲಿ, ಶಹಾಬಾದಿನ ಬಾಡಿಗೆ ಮನೆಯಲ್ಲಿ ಕೂತು, ಶೀಶೆಯೊಳಗೆ ಹಾಯಿಹಡಗು ಕಟ್ಟಲು ಹೊರಟ.

ಹವ್ಯಾಸ ಎಂದು ಎಲ್ಲರಿಗೂ ಹೇಳಿದೆ. ನಿಮಗೆ ಮಾತ್ರ ನಿಜ ಹೇಳುತ್ತೇನೆ: ಕಾರಣ ನನ್ನ ಬಲಗೈ ಹೆಬ್ಬೆರಳು. ಮಳೆಗಾಲದಲ್ಲಿ ಅದು ನನ್ನನ್ನು ಒಂದು ಮಾತೂ ಕೇಳದೆ ಅಲುಗಲು ಶುರುಮಾಡಿತು, ಕಾಣದ ಜೋಳದ ಕಾಳೊಂದನ್ನು ತೋರುಬೆರಳಿಗೆ ತಿಕ್ಕುತ್ತಿರುವಂತೆ. ಚಿತ್ತಾಪುರದಲ್ಲಿ ದರ್ಜಿಯಾಗಿದ್ದ ನಮ್ಮಪ್ಪನಿಗೂ ಹೀಗೇ ಶುರುವಾಗಿತ್ತು. ಮೊದಲು ಹೆಬ್ಬೆರಳು, ಆಮೇಲೆ ಬಶಿಯಲ್ಲಿನ ಚಹಾ, ಕೊನೆಗೆ ಇಡೀ ಅಪ್ಪ. ಬುದ್ಧಿವಂತನಾದವನು ಡಾಕ್ಟರ ಬಳಿ ಹೋಗುತ್ತಿದ್ದ. ನಾನು ಸದಾ ಚಿಂತೆ ಮಾಡುವ ಜಾತಿಯವನು, ಡಾಕ್ಟರನ್ನು ಕೇಳದಿದ್ದರೆ ರೋಗವೂ ಇಲ್ಲ ಎಂಬುದು ನಮ್ಮಂಥವರ ಶಾಸ್ತ್ರ. ಕೈಯನ್ನು ಪ್ಯಾಂಟಿನ ಕಿಸೆಯಲ್ಲಿ ಬಚ್ಚಿಟ್ಟು, ಒಂದು ಪಂಥ ಕಟ್ಟಿಕೊಂಡೆ. ಇದೇ ಕೈಯಿಂದ ಮೂರು ಕಂಬದ ಹಡಗನ್ನು ಶೀಶೆಯೊಳಗೆ ನಿಲ್ಲಿಸಿದರೆ ಅಪ್ಪನ ರೋಗ ನನಗಿಲ್ಲ. ಹೆಬ್ಬೆರಳಿಗೆ ಸೀಮೆಸುಣ್ಣ ಹಿಡಿದು ಬೇಸರ ಬಂದಿದೆ, ಅಷ್ಟೇ.

ಶೀಶೆ ತರಲು ಖಾಜಾಭಾಯಿಯ ಗುಜರಿ ಅಂಗಡಿಗೆ ಹೋದೆ. ನಾನು ದೊಡ್ಡ ಹೊಟ್ಟೆಯ ಬ್ರಾಂದಿ ಬಾಟಲಿಯೊಂದನ್ನು ಬೆಳಕಿಗೆ ಹಿಡಿದು ತಿರುಗಿಸುತ್ತಿದ್ದುದನ್ನು ಆತ ಬಹಳ ಹೊತ್ತು ನೋಡಿದ.

"ಖಾಲಿದು ಯಾಕ ಒಯ್ತೀರಿ ಮಾಸ್ತರ? ಮಂದಿ ಹ್ಯಾಂಗೂ ತುಂಬಿದ್ದೇ ಅಂತ ತಿಳ್ಕೋತಾರ."

ಮಾನಕ್ಕೆ ಹೆದರಿ ಪೇಪರಿನಲ್ಲಿ ಸುತ್ತಿಸಿಕೊಂಡೆ. ಬಾಟಲಿಯನ್ನು ಪೇಪರಿನಲ್ಲಿ ಸುತ್ತಿದರೆ ಅದು ಇನ್ನಷ್ಟು ಬಾಟಲಿಯಂತೆಯೇ ಕಾಣುತ್ತದೆ ಎಂಬುದು ಬಸ್‌ಸ್ಟ್ಯಾಂಡ್ ದಾಟುವಾಗ ತಿಳಿಯಿತು.

ಹಡಗಿಗಿಂತ ಮೊದಲು ಶೀಶೆಯ ತಳದಲ್ಲಿ ಸಮುದ್ರವಾಗಬೇಕು. ಅದನ್ನು ಕಿಟಕಿಗಾಜಿಗೆ ಮೆತ್ತುವ ಪುಟ್ಟಿಯಿಂದ ಮಾಡುತ್ತಾರೆ. ಪುಟ್ಟಿ ಸಾಲಲಿಲ್ಲವೆಂದು ನಾನು ಓಣಿಯ ತುದಿಯಲ್ಲಿ ನೆಲಕ್ಕೆ ಹಾಸುವ ಫರಸಿ ಕಲ್ಲು ಕೊಯ್ಯುವಲ್ಲಿಂದ ಒಂದು ಮುಷ್ಟಿ ಪುಡಿ ತಂದು ಬೆರೆಸಿದೆ. ನೀಲಿ ಬಣ್ಣವನ್ನೆಲ್ಲ ಆ ಪುಡಿ ನುಂಗಿತು. ಸಮುದ್ರ ಥೇಟ್ ನಮ್ಮ ಅಡುಗೆಮನೆಯ ನೆಲದಂತೆ ಬೂದಿಬಣ್ಣಕ್ಕೆ ತಿರುಗಿ ಗಟ್ಟಿಯಾಯಿತು. ಇಂಥ ತಪ್ಪು ನಮ್ಮ ಕಡೆಯವರೇ ಮಾಡಬೇಕು. ಆದರೆ ನಾನು ವಿಜ್ಞಾನದ ಮೇಷ್ಟ್ರು, ತಪ್ಪಿಗೆ ಆಧಾರ ಹುಡುಕುವುದರಲ್ಲಿ ಪಳಗಿದವನು. ಕೋಟ್ಯಂತರ ವರ್ಷಗಳ ಹಿಂದೆ ಈ ಸೀಮೆಯೆಲ್ಲ ಸಮುದ್ರವಾಗಿತ್ತು. ಅದರ ತಳದಲ್ಲಿ ಕೂತ ಕೆಸರೇ ಇಂದು ನಾವು ಚಾಪೆ ಹಾಸಿ ಮಲಗುವ ಫರಸಿ. ಸೇಡಂ, ಚಿತ್ತಾಪುರ, ವಾಡಿಯವರೆಲ್ಲ ದಿನಾ ಸಮುದ್ರವನ್ನೇ ಗುಡಿಸಿ ಒರೆಸುತ್ತಾರೆ. ಆ ಲೆಕ್ಕದಲ್ಲಿ ಜಗತ್ತಿನ ಎಲ್ಲ ಶೀಶೆಗಳಲ್ಲಿ ಅಪ್ಪಟ ಸಮುದ್ರವಿರುವುದು ನನ್ನದರಲ್ಲಿ ಮಾತ್ರ.

ಹಡಗು ಶೀಶೆಯ ಕತ್ತಿನಲ್ಲಿ ಹೇಗೆ ತೂರಿತು ಎಂದು ಎಲ್ಲರೂ ಕೇಳುತ್ತಾರೆ. ಗುಟ್ಟು ಸರಳ. ಕಂಬಗಳ ಬುಡದಲ್ಲಿ ಕೀಲು. ಅವನ್ನು ಮಲಗಿಸಿ ಹಡಗನ್ನು ಒಳಗೆ ಸರಿಸಬೇಕು, ಆಮೇಲೆ ಹೊರಗೆ ಉಳಿದ ದಾರಗಳನ್ನು ಎಳೆದು ಕಂಬಗಳನ್ನು ಎಬ್ಬಿಸಬೇಕು. ಚಿಂತೆಯವರಿಗೆ ಹೇಳಿಮಾಡಿಸಿದ ವಿದ್ಯೆ: ಮೊದಲು ಎಲ್ಲವನ್ನೂ ಕೈಯಾರೆ ಬೀಳಿಸಿಟ್ಟು, ಆಮೇಲೆ ಎದ್ದೀತೋ ಇಲ್ಲವೋ ಎಂದು ಹೆದರುವುದು.

ಒಂದು ಭಾನುವಾರ ಮಧ್ಯಾಹ್ನ ಆ ಗಳಿಗೆ ಬಂತು. ಎಡಗೈಯಲ್ಲಿ ಉದ್ದ ತಂತಿ, ಬಲಗೈಯಲ್ಲಿ ಮೂರು ದಾರ. ಉಸಿರು ಹಿಡಿದೆ. ಹೆಬ್ಬೆರಳು ಜೋಳ ತಿಕ್ಕಲು ಶುರುಮಾಡಿತು. ನಡುವಿನ ಕಂಬ ಅರ್ಧ ಎದ್ದು, ಪಕ್ಕದ ದಾರಕ್ಕೆ ಸಿಕ್ಕಿಕೊಂಡು ಕುಡಿದವನಂತೆ ವಾಲಿತು. ಮತ್ತೆ ಎಳೆದೆ, ಮತ್ತೆ ವಾಲಿತು. ನಾಲ್ಕನೆಯ ಸಲಕ್ಕೆ, ಬಾಗಿಲ ಬೆಳಕಿನಲ್ಲಿ ಕೌದಿ ಹೊಲಿಯುತ್ತಿದ್ದ ನನ್ನ ಹೆಂಡತಿ ಮಹಾದೇವಿ ಸೂಜಿಯನ್ನು ಬಟ್ಟೆಗೆ ಚುಚ್ಚಿಟ್ಟು ಎದ್ದು ಬಂದಳು.

"ಸರೀರಿ. ದಾರ ಹಿಂಗ ಜಗ್ಗತಾರೇನು? ಕೌದಿ ದಾರ ಇದ್ದಂಗದ, ಬಿಗಿ ಜಗ್ಗಿದ್ರ ಮುದ್ದಿ ಆಗ್ತದ."

"ಇಲ್ಲ, ನಾನೇ ಮಾಡಬೇಕು."

"ಯಾಕ? ಕೈ ನಡುಗೂದು ನನಗ ಗೊತ್ತಾಗ್ತದಂತೇನು? ನೀವು ಕಿಸೇದಾಗ ಕೈ ಇಟ್ಟ ದಿನದಿಂದ ನೋಡ್ಲಿಕತ್ತೀನಿ. ಎಂದೂ ಕಿಸೇಕ ಕೈ ಹಾಕದ ಮನಷ್ಯಾ."

ನಾನು ದಾರ ಬಿಟ್ಟುಕೊಟ್ಟೆ. ಅವಳು ಕಿರುಬೆರಳಿಗೆ ಒಂದು ಸುತ್ತು ಹಾಕಿ ನಿಧಾನ ಎಳೆದಳು, ನಾನು ತಂತಿಯಿಂದ ಸಿಕ್ಕು ಬಿಡಿಸಿದೆ. ಒಂದು, ಎರಡು, ಮೂರು ಕಂಬ ಬೂದಿ ಸಮುದ್ರದ ಮೇಲೆ ನೆಟ್ಟಗೆ ನಿಂತವು. ಪಂಥ ಸೋತಿದ್ದೆ. ಹಡಗು ಮಾತ್ರ ಚೆನ್ನಾಗಿತ್ತು.

"ಗುರುವಾರ ರಜಾ ಹಾಕ್ರಿ," ಎಂದಳು ಅಂಟು ಹಚ್ಚುತ್ತಾ. "ಕಲಬುರ್ಗಿ ದವಾಖಾನ್ಯಾಗ ನಂಬರ್ ಹಚ್ಚಿಸೀನಿ."

ಡಾಕ್ಟರು ನನ್ನ ಕೈ ಬಿಡಿಸಿದರು, ಮಡಿಸಿದರು, ಹತ್ತು ಹೆಜ್ಜೆ ನಡೆಸಿದರು. ಆಮೇಲೆ ಯಾರ ಬಾಯಿಂದಲೂ ಕೇಳುವುದು ಬೇಡವೆಂದು ನಾನು ಆರು ತಿಂಗಳು ಹೆದರಿಕೊಂಡಿದ್ದ ಹೆಸರನ್ನು ನೆಗಡಿಯ ಹೆಸರು ಹೇಳಿದಷ್ಟು ಸಲೀಸಾಗಿ ಹೇಳಿದರು. ಅಪ್ಪನದೇ ರೋಗ. ಮೊದಲ ಹಂತ, ದಿನಕ್ಕೆ ಮೂರು ಗುಳಿಗೆ. ಅಪ್ಪನ ಕಾಲಕ್ಕಿಂತ ಈಗ ಔಷಧಿ ಮೇಲು, ಇನ್ನೂ ಬಹಳ ವರ್ಷ ಪಾಠ ಮಾಡಬಹುದು ಎಂದರು. ಆಕಾಶ ಬೀಳುತ್ತದೆಂದು ಕಾದೆ. ಮಹಾದೇವಿ ಗುಳಿಗೆ ಊಟಕ್ಕೆ ಮೊದಲೋ ಆಮೇಲೋ ಎಂದು ಕೇಳುತ್ತಿದ್ದಳು.

ವಾಪಸು ಬಸ್ಸಿನಲ್ಲಿ ಕಿಟಕಿಯ ಪಕ್ಕ ಕೂತೆ. ಮುಂದೆ ನೆನಪಿರುವುದು ಕಂಡಕ್ಟರ್ ಭುಜ ತಟ್ಟಿದ್ದು.

"ಏಳ್ರಿ ಸರ, ವಾಡಿ ಬಂತು. ನಿಮ್ಮ ಶಹಾಬಾದ್ ಯಾವಾಗೋ ಹೋತು."

ಊರು ತಪ್ಪೀತೆಂದು ಎರಡು ಸ್ಟಾಪು ಮೊದಲೇ ಎದ್ದು ನಿಲ್ಲುವ ಮನುಷ್ಯ ನಾನು. ನಾಚಿಕೆಯಿಂದ ಹೆಂಡತಿಯ ಕಡೆ ತಿರುಗಿದೆ. ನನ್ನ ಭುಜಕ್ಕೆ ತಲೆ ಕೊಟ್ಟು ಅವಳೂ ಗಾಢ ನಿದ್ದೆಯಲ್ಲಿದ್ದಳು. ಆರು ತಿಂಗಳಿಂದ ರಾತ್ರಿಯೆಲ್ಲ ಚಿಂತೆಯಲ್ಲಿ ಎಚ್ಚರವಿದ್ದವನು ನಾನೊಬ್ಬನೇ ಎಂದುಕೊಂಡಿದ್ದೆ.