ಶೀನಣ್ಣನ ಒಂದು ರೂಪಾಯಿ

ಕಳೆದ ಸೋಮವಾರ ಬೆಳಿಗ್ಗೆ ಕಾಫಿಗೆ ಹಾಲಿಟ್ಟು ನಿಂತಿದ್ದೆ. ಫೋನು ಟಿಣ್ ಎಂದಿತು. ನೋಡಿದರೆ ಪೌಂಡು ಏರಿದೆ. ಇನ್ನೂ ಏರುವ ಲಕ್ಷಣವಿದೆ ಎಂದು ಕೆಳಗೆ ಸಣ್ಣ ಅಕ್ಷರದಲ್ಲಿ ಬರೆದಿತ್ತು. ನನ್ನ ಮುಖ ಅರಳಿರಬೇಕು. ಟೋಸ್ಟಿಗೆ ಬೆಣ್ಣೆ ಸವರುತ್ತಿದ್ದ ನನ್ನ ಗಂಡ, "ಏನು, ಯಾರಿಗಾದ್ರೂ ಮಗು ಹುಟ್ಟಿತಾ?" ಎಂದರು. "ಇಲ್ಲ, ಹದಿನೆಂಟು ಪೈಸೆ ಜಾಸ್ತಿ ಆಯ್ತು" ಎಂದೆ. ಅಷ್ಟರಲ್ಲಿ ಹಾಲು ಉಕ್ಕಿ ಒಲೆಯ ತುಂಬ ಹರಿಯಿತು. ಹದಿನೆಂಟು ಪೈಸೆಯ ಲಾಭಕ್ಕೆ ಅರ್ಧ ಲೀಟರು ಹಾಲಿನ ನಷ್ಟ.

ನಿಮಗೂ ಈ ಕಾಯಿಲೆಯಿದ್ದರೆ ನಾನು ವಿವರಿಸಬೇಕಾಗಿಲ್ಲ. ಊರಿಗೆ ಹಣ ಕಳಿಸುವವರೆಲ್ಲರಿಗೂ ಇದು ಇದ್ದದ್ದೇ. ಸ್ಟ್ಯಾನ್ಮೋರಿನಲ್ಲಿ ನಮಗೆ ಪರಿಚಯದ ಡಾಕ್ಟರೊಬ್ಬರಿದ್ದಾರೆ. ದೊಡ್ಡ ಮನೆ, ಮುಂದೆ ಎರಡು ಕಾರು. ಯುಗಾದಿಗೆ ಊಟಕ್ಕೆ ಕರೆದು ಹೋಳಿಗೆಯ ಮೇಲೆ ತುಪ್ಪವನ್ನು ಧಾರಾಳವಾಗಿ ಸುರಿದವರು, ತಾವು ಹಣ ಕಳಿಸಿದ ಮರುದಿನವೇ ರೇಟು ನಲವತ್ತು ಪೈಸೆ ಏರಿದ್ದನ್ನು ಹೇಳುವಾಗ ಊಟ ಸೇರದವರ ಹಾಗೆ ಎಲೆಯ ಮುಂದೆ ಕೂತುಬಿಟ್ಟರು. ಪಂಕ್ತಿಯಲ್ಲಿದ್ದವರೆಲ್ಲ ಅಯ್ಯೋ ಪಾಪ ಎಂದೆವು. ನಾವು ಕಳಿಸುವುದನ್ನೇ ಪೌಂಡು ಕಾಯುತ್ತಿರುತ್ತದೆ ಎಂಬುದರಲ್ಲಿ ನಮ್ಮಲ್ಲಿ ಯಾರಿಗೂ ಅನುಮಾನವಿಲ್ಲ. ಇನ್ನು 'ಕಮಿಷನ್ ಇಲ್ಲ' ಎಂದು ದೊಡ್ಡದಾಗಿ ಬರೆದುಕೊಂಡು ರೇಟಿನಲ್ಲೇ ಕತ್ತರಿ ಹಾಕುವ ಕಂಪನಿಗಳಿವೆ. ತಕ್ಕಡಿಯ ತಟ್ಟೆಯ ಅಡಿಗೆ ಹುಣಸೆಹಣ್ಣು ಅಂಟಿಸುತ್ತಿದ್ದ ನಮ್ಮ ಬೀದಿಯ ಅಂಗಡಿಯವನು ಅವರ ಮುಂದೆ ಸಾಧು ಮನುಷ್ಯ.

ಆದರೆ ಆ ದಿನ ಪೌಂಡು ಏರಿದ್ದಕ್ಕೆ ನಾನು ಹಿಗ್ಗಿದ್ದು ನನ್ನ ಹಣಕ್ಕಾಗಿ ಅಲ್ಲ. ಹನ್ನೊಂದು ಗಂಟೆಗೆ ಶೀನಣ್ಣ ಬರುವವರಿದ್ದರು. ಶೀನಣ್ಣನ ಹೆಸರು ನೆನೆದ ಕೂಡಲೇ ಹಿಗ್ಗೆಲ್ಲ ಇಳಿಯಿತು. ಅದು ಏಕೆಂದು ಹೇಳಬೇಕಾದರೆ ಏಳೆಂಟು ವರ್ಷ ಹಿಂದಕ್ಕೆ ಹೋಗಬೇಕು.

ಆಗ ನಾನು ಮೈಸೂರಿನಿಂದ ಈ ದೇಶಕ್ಕೆ ಹೊಸದಾಗಿ ಬಂದವಳು. ಕೆಂಟನ್ನಿನ ಒಂದು ಮನೆಯ ಮಹಡಿಯಲ್ಲಿ ನನಗೊಂದು ಕೋಣೆ, ಕೆಳಗೆ ಶೀನಣ್ಣನಿಗೊಂದು ಕೋಣೆ, ಅಡುಗೆಮನೆ ಇಬ್ಬರಿಗೂ ಸೇರಿ ಒಂದು. ಅವರು ಕುಂದಾಪುರದ ಕಡೆಯವರು, ಹತ್ತಿರದ ರೆಸ್ಟೋರೆಂಟಿನಲ್ಲಿ ದೋಸೆಯ ಕಾವಲಿಯ ಮುಂದೆ ನಿಂತು ನಿಂತು ಐವತ್ತು ದಾಟಿದವರು. ಮದುವೆಯಾಗಿರಲಿಲ್ಲ. ತನ್ನವರು ಎಂದು ಊರಲ್ಲಿದ್ದದ್ದು ತಂಗಿ ಗುಲಾಬಿ ಒಬ್ಬಳೇ. ಗಂಡ ತೀರಿಹೋದ ಮೇಲೆ ಆಕೆ ಬಸ್‌ಸ್ಟ್ಯಾಂಡಿನ ಹತ್ತಿರ ಒಂದು ಬಾಡಿಗೆ ಕೋಣೆಯಲ್ಲಿ ರವಿಕೆ ಹೊಲಿದು ಬದುಕುತ್ತಿದ್ದಳು. ತಿಂಗಳಿಗೊಂದು ಸೋಮವಾರ, ರಜೆಯ ದಿನ, ಶೀನಣ್ಣ ತಂಗಿಗೆ ಹಣ ಕಳಿಸುತ್ತಿದ್ದರು. ಫೋನಿನ ಇಂಗ್ಲಿಷು ಅವರಿಗೆ ಒಗ್ಗುತ್ತಿರಲಿಲ್ಲವಾದ್ದರಿಂದ ಕಳಿಸುವ ಬೆರಳು ನನ್ನದು.

ಅವರ ದೃಷ್ಟಿಯಲ್ಲಿ ನಾನು ಹಣಕಾಸಿನ ಪಂಡಿತೆ. ಬಿ.ಕಾಂ. ಓದಿದ್ದೆ, ಕೌನ್ಸಿಲ್ಲಿನಲ್ಲಿ ಕೆಲಸದಲ್ಲಿದ್ದೆ. ತಪ್ಪು ಜಾಗದಲ್ಲಿ ಕಾರು ನಿಲ್ಲಿಸಿದವರಿಗೆ ದಂಡದ ಕಾಗದ ಕಳಿಸುವುದು ನನ್ನ ಕೆಲಸ ಎಂಬುದನ್ನು ನಾನಾಗಿ ಹೇಳಲಿಲ್ಲ, ಅವರಾಗಿ ಕೇಳಲಿಲ್ಲ.

ಮೊದಲ ಸಲ ನಾನು ಲೆಕ್ಕ ಹಾಕಿ, ಸರಿಯಾಗಿ ಇಪ್ಪತ್ತೈದು ಸಾವಿರ ರೂಪಾಯಿ ಬರುವಂತೆ ಪೌಂಡುಗಳನ್ನು ಬರೆದು ಹೆಮ್ಮೆಯಿಂದ ತೋರಿಸಿದೆ. ಶೀನಣ್ಣ ಕಾದ ಕಾವಲಿ ಮುಟ್ಟಿದವರ ಹಾಗೆ ಕೈ ಹಿಂದಕ್ಕೆಳೆದುಕೊಂಡರು.

"ಅಯ್ಯೋ ತಂಗೀ, ಸೊನ್ನೆಯಲ್ ನಿಲ್ಸುಕಾಗ! ಸೊನ್ನೆ ಸಾವಿನ್ ಮನಿಗ್. ತಂಗಿಗ್ ಕೊಡುದ್ ಅಂದ್ರೆ ಮೇಲೊಂದ್ ರುಪಾಯಿ ಇರ್ಕ್."

ನಿಮಗೆ ಗೊತ್ತಿರುವುದೇ. ಮುಯ್ಯಿಯ ಕವರಿನ ಮೇಲೆ ಒಂದು ರೂಪಾಯಿಯ ನಾಣ್ಯ ಅಂಟಿಸಿಯೇ ಅಂಗಡಿಯಲ್ಲಿ ಮಾರುತ್ತಾರಲ್ಲ. ಐನೂರಲ್ಲ, ಐನೂರ ಒಂದು. ಆದರೆ ನಾಣ್ಯ ಅಂಟಿಸಿದಷ್ಟು ಸುಲಭವೇ ಇದು? ಶೀನಣ್ಣ ನಂಬಿದ್ದ ಕಂಪನಿ ಪೌಂಡಿನ ಖಾನೆಯಲ್ಲಿ ಮಾತ್ರ ಬರೆಯಲು ಬಿಡುತ್ತಿತ್ತು. ರೂಪಾಯಿಯ ಖಾನೆ ತಾನಾಗಿ ತುಂಬಿಕೊಳ್ಳುತ್ತಿತ್ತು. ಒಂದೊಂದೇ ಪೆನ್ನಿ ಸೇರಿಸಿ, ತೆಗೆದು ಒಂದರ ಹತ್ತಿರಕ್ಕೆ ತರಬೇಕು. ಅಷ್ಟರಲ್ಲಿ ರೇಟು ಬದಲಾಗಿ ಮತ್ತೆ ಮೊದಲಿನಿಂದ. "ಶೀನಣ್ಣ, ಇಪ್ಪತ್ತೈದು ಸಾವಿರದ ಎರಡು ಆಗಿದೆ, ಕಳಿಸಿಬಿಡ್ಲಾ?" ಎಂದರೆ, "ಒಂದೇ ಇರ್ಕ್ ತಂಗಿ, ಕಾಣ್ ಇನ್ನೊಂದ್ಸಲ" ಎನ್ನುವರು. ಕೊನೆಗೊಮ್ಮೆ ಒಂದು ಮೂಡಿದಾಗ "ಹಾಂ, ಒತ್ತ್!" ಎಂದು ಕೂಗುವರು. ಪೈಸೆ ಎಷ್ಟಿದ್ದರೂ ಅವರ ತಕರಾರಿಲ್ಲ. ಎರಡು ದಿನ ಬಿಟ್ಟು ತಂಗಿಗೆ ಫೋನು ಮಾಡಿ ಮೊದಲು ಕೇಳುವ ಪ್ರಶ್ನೆ, "ಒಂದ್ ರುಪಾಯಿ ಹೆಚ್ಚ್ ಬಂತಾ?" ಗುಲಾಬಿಯ ದೊಡ್ಡ ದನಿ ಅಡುಗೆಮನೆಯವರೆಗೂ ಕೇಳಿಸುತ್ತಿತ್ತು: "ಬಂತ್ ಅಣ್ಣ, ಬಂತ್!" ಆ ದಿನ ಶೀನಣ್ಣ ನನಗೂ ಸೇರಿಸಿ ನೀರುದೋಸೆ ಹೊಯ್ಯುತ್ತಿದ್ದರು.

ಹೀಗಿರುವಾಗ ಒಂದು ಸೋಮವಾರ ಗುಲಾಬಿಯ ಫೋನು ಬಂತು. ಆಕೆ ಹೊಲಿಯುತ್ತಿದ್ದ ಕೋಣೆಯನ್ನು ಮಾಲೀಕರು ಮಾರುತ್ತಿದ್ದಾರೆ. ಶುಕ್ರವಾರದೊಳಗೆ ಮೂರು ಲಕ್ಷ ಮುಂಗಡ ಕೊಟ್ಟರೆ ಆಕೆಗೇ ಕೊಡುತ್ತಾರೆ, ಇಲ್ಲವಾದರೆ ಮೊಬೈಲ್ ಅಂಗಡಿಯವನೊಬ್ಬ ದುಡ್ಡು ಹಿಡಿದು ನಿಂತಿದ್ದಾನೆ. ಹತ್ತು ವರ್ಷ ಕೂತು ಗಿರಾಕಿ ಸಂಪಾದಿಸಿದ ಜಾಗ. ಶೀನಣ್ಣನ ಹತ್ತಿರ ಅಷ್ಟು ಉಳಿತಾಯವಿತ್ತು. ಫೋನು ನನ್ನ ಕೈಗೆ ಕೊಟ್ಟು, "ಕಳ್ಸ್ ತಂಗಿ" ಎಂದರು.

ಆಗ ಈ ಪಂಡಿತೆ ಬಾಯಿ ತೆರೆದಳು. ಆ ವಾರ ಬಡ್ಡಿ ದರದ್ದೇನೋ ಘೋಷಣೆ ಇದೆ, ಅದಾದ ಮೇಲೆ ಪೌಂಡು ಏರುತ್ತದೆ ಎಂದು ಎಲ್ಲೋ ಓದಿದ್ದೆ. "ಗುರುವಾರದ ತನಕ ಕಾಯಿರಿ ಶೀನಣ್ಣ. ಐವತ್ತು ಪೌಂಡು ಉಳಿಯುತ್ತೆ" ಎಂದೆ. ಐವತ್ತು ಪೌಂಡು ಎಂದರೆ ಅವರು ಒಂದು ದಿನ ಪೂರ್ತಿ ಬೆಂಕಿಯ ಮುಂದೆ ನಿಂತ ಸಂಬಳ. ಶೀನಣ್ಣ ಸ್ವಲ್ಪ ಯೋಚಿಸಿ, "ನೀ ಓದಿದವ್ಳ್, ನೀ ಹೇಳ್ದಾಂಗೆ ಆಯ್ಲಿ" ಎಂದರು. ಗಾಳಿ ಬಂದಾಗ ತೂರಿಕೋ ಎಂದು ಹಿರಿಯರು ಹೇಳಿದ್ದಾರೆ. ಆ ಸೋಮವಾರ ಬೀಸುತ್ತಿದ್ದ ಗಾಳಿ ನನಗೆ ಸಾಲಲಿಲ್ಲ.

ಗುರುವಾರ ಪೌಂಡು ದೊಪ್ಪನೆ ಬಿತ್ತು. ಮಧ್ಯಾಹ್ನ ಇಬ್ಬರೂ ಒಂದೊಂದು ಗಂಟೆ ರಜೆ ಹಾಕಿ ಕೂತೆವು. ಆ ಗಡಿಬಿಡಿಯಲ್ಲೂ ಒಂದು ರೂಪಾಯಿಗಾಗಿ ಅರ್ಧ ಗಂಟೆ ಹೆಣಗಿದೆವು. ಅಂತೂ ಒತ್ತಿದೆ. ಒತ್ತಿದ ಐದು ನಿಮಿಷಕ್ಕೆ ಕಂಪನಿಯಿಂದ ಸಂದೇಶ: ದೊಡ್ಡ ಮೊತ್ತ, ಈ ಹಣ ಎಲ್ಲಿಂದ ಬಂತು ಎಂಬುದಕ್ಕೆ ಕಾಗದ ತೋರಿಸಿ. ಶೀನಣ್ಣ ಸಂಬಳದ ಚೀಟಿಗಳನ್ನೆಲ್ಲ ರಸ್ಕಿನ ಡಬ್ಬದಲ್ಲಿ ಜೋಪಾನವಾಗಿ ಇಟ್ಟಿದ್ದರು. ಒಂದೊಂದನ್ನೇ ಫೋಟೋ ತೆಗೆದು ಕಳಿಸಿದೆವು. ಸ್ಪಷ್ಟವಾಗಿಲ್ಲ ಎಂದರು, ಮತ್ತೆ ಕಳಿಸಿದೆವು. ಶುಕ್ರವಾರ ಹೋಯಿತು, ಶನಿವಾರ ಭಾನುವಾರ ಬ್ಯಾಂಕಿಲ್ಲ. ಹಣ ಗುಲಾಬಿಯ ಖಾತೆಗೆ ಸೇರಿದ್ದು ಸೋಮವಾರ. ಶನಿವಾರ ಬೆಳಿಗ್ಗೆಯೇ ಮೊಬೈಲ್ ಅಂಗಡಿಯವನು ಕೋಣೆ ಕೊಂಡಿದ್ದ.

ಶೀನಣ್ಣ ನನ್ನನ್ನು ಒಂದು ಮಾತು ಅನ್ನಲಿಲ್ಲ. ನನಗೂ ತಪ್ಪಾಯಿತು ಎನ್ನುವ ಬಾಯಿ ಬರಲಿಲ್ಲ. ರೇಟಿನ ಮೇಲೆ, ಕಂಪನಿಯ ಮೇಲೆ, ದೇಶದ ಮೇಲೆ ಹರಿಹಾಯ್ದೆ. ಅವರು ಈರುಳ್ಳಿ ಹೆಚ್ಚುತ್ತ "ಹೌದ್ ಹೌದ್" ಎನ್ನುತ್ತಿದ್ದರು. ನಾಚಿಕೆಯಾಗುತ್ತದೆ ಈಗ.

ಮದುವೆಯಾಗಿ ಕ್ರೋಯ್ಡನ್ನಿಗೆ ಬಂದ ಮೇಲೂ ತಿಂಗಳಿಗೊಂದು ಸೋಮವಾರ ಶೀನಣ್ಣ ಫೋನು ಹಿಡಿದು ನನ್ನಲ್ಲಿಗೇ ಬರುತ್ತಿದ್ದರು. ಒಮ್ಮೆ ಊರಿಗೆ ಹೋದಾಗ ಕುಂದಾಪುರಕ್ಕೂ ಹೋದೆ. ಗುಲಾಬಕ್ಕ ಮನೆಯ ಜಗಲಿಯಲ್ಲೇ ಎರಡು ಮಿಷನ್ನು ಹಾಕಿಕೊಂಡು ಹೊಲಿಯುತ್ತಿದ್ದರು. ಮಳೆಗಾಲದಲ್ಲಿ ಇರಚಲು ಬಂದು ಬಟ್ಟೆ ನೆನೆಯುತ್ತದೆಂದು ಟಾರ್ಪಾಲು ಕಟ್ಟಿದ್ದರು. ಅದನ್ನು ನೋಡಿ ನನಗೆ ತಡೆಯಲಾಗಲಿಲ್ಲ. "ಅಕ್ಕ, ಆ ಕೋಣೆ ತಪ್ಪಿದ್ದು ನನ್ನಿಂದ. ಕಾಯಿರಿ ಅಂತ ಹೇಳಿದ್ದು ನಾನು" ಎಂದುಬಿಟ್ಟೆ.

ಅವರು ಮಿಷನ್ನು ನಿಲ್ಲಿಸಿ ನನ್ನನ್ನೇ ನೋಡಿದರು. "ನೀವಾ? ಅಣ್ಣ ಹಾಂಗ್ ಹೇಳ್ಳಿಲ್ಲೆ. 'ಹೋಟ್ಲಲ್ ಪುರ್ಸೊತ್ತಿಲ್ದೆ ನಾನೇ ಮರ್ತೆ ಗುಲಾಬಿ, ನನ್ನ್ ಬೈಯಿ' ಅಂದಿದ್ದ. ನಾನ್ ಬೈದಿದೆ ಕೂಡ."

ಅವರು ಆಸ್ರಿಗೆ ಏನಾದರೂ ಕುಡಿಯಲು ತರಲು ಒಳಗೆ ಹೋಗುತ್ತ, ಮಾತು ಬದಲಿಸಲೆಂದೋ ಏನೋ, ಬ್ಯಾಂಕಿನ ಪಾಸ್‌ಬುಕ್ ಕೈಗೆ ಕೊಟ್ಟು, ಹೋದ ತಿಂಗಳ ಹಣ ಏರಿದೆಯೋ ನೋಡಿ ಎಂದರು. ನೋಡಿದೆ. ಇಪ್ಪತ್ನಾಲ್ಕು ಸಾವಿರದ ಒಂಬೈನೂರ ಐವತ್ತಾರು. ಅದರ ಹಿಂದಿನ ತಿಂಗಳೂ ಅಷ್ಟೇ. ಪುಟ ತಿರುಗಿಸಿದೆ. ಎಲ್ಲಿಯೂ ಇಪ್ಪತ್ತೈದು ಸಾವಿರದ ಒಂದು ಇರಲಿಲ್ಲ.

"ಇಲ್ಲಿ ಬ್ಯಾಂಕಿನವ್ರ್ ಟ್ಯಾಕ್ಸ್ ಅಂದೇಳಿ ಹಿಡ್ಕಂತ್ರ್" ಎಂದರು ಗುಲಾಬಕ್ಕ, ಪಾನಕದ ಲೋಟ ಮುಂದಿಡುತ್ತ. "ಆ ಒಂದ್ ರುಪಾಯಿ ಒಂದ್ಸಲವೂ ಬರ್ಲಿಲ್ಲೆ. ಅಣ್ಣಂಗ್ ಹೇಳ್ಬೇಡಿ ಅಕಾ. ಅವ್ನ್ ಅಷ್ಟ್ ದೂರದಲ್ ಕೂಕಂಡ್ ಕೇಳ್ವತಿಗೆ ಬರ್ಲಿಲ್ಲೆ ಅಂಬುಕ್ ಮನ್ಸ್ ಬತ್ತಿಲ್ಲೆ."

ನಾವು ಅರ್ಧರ್ಧ ಗಂಟೆ ಪೆನ್ನಿ ಹಾಕಿ ಪೆನ್ನಿ ತೆಗೆದು ಕೂಡಿಸಿದ್ದನ್ನು ಅಲ್ಲಿ ಯಂತ್ರವೊಂದು ಕಣ್ಣೆತ್ತಿಯೂ ನೋಡದೆ ಅಳಿಸಿಹಾಕುತ್ತಿತ್ತು. ನಾನು ಶೀನಣ್ಣನಿಗೆ ಹೇಳಲಿಲ್ಲ.

ಇಷ್ಟು ಹೇಳಿದ ಮೇಲೆ ಕಳೆದ ಸೋಮವಾರಕ್ಕೆ ಬರಬಹುದು. ಗುಲಾಬಕ್ಕನಿಗೆ ಮತ್ತೊಂದು ಕೋಣೆ ಸಿಕ್ಕಿತ್ತು, ಅದೇ ಬಸ್‌ಸ್ಟ್ಯಾಂಡಿನ ಎದುರು. ಐದು ಲಕ್ಷ ಮುಂಗಡ, ಗಡುವು ವಾರದ ಕೊನೆಗೆ. ಕಳಿಸಲು ಶೀನಣ್ಣ ಮೂರು ರೈಲು ಬದಲಿಸಿ ಕ್ರೋಯ್ಡನ್ನಿಗೆ ಬಂದಿದ್ದರು. ಈಗ ಅವರಿಗೆ ಅರವತ್ತು. ಮೆಟ್ಟಿಲು ಹತ್ತಿ ಸುಧಾರಿಸಿಕೊಂಡು, ಗೋಳಿಬಜೆಯ ಡಬ್ಬ ಮೇಜಿನ ಮೇಲಿಟ್ಟು, ಫೋನು ನನ್ನ ಕೈಗೆ ಕೊಟ್ಟರು. ಸಂಬಳದ ಚೀಟಿಗಳನ್ನು ಈ ಸಲ ಹಿಂದಿನ ವಾರವೇ ಕಂಪನಿಗೆ ಕಳಿಸಿ ಒಪ್ಪಿಗೆ ಪಡೆದಿದ್ದೆವು.

"ಏರ್ತಾ ಇತ್ತ್ ಅಂಬ್ರಲೆ" ಎಂದರು. "ನೀ ಎಂತ ಹೇಳ್ತೆ ತಂಗಿ? ಕಾಯುದಾ?"

ಮತ್ತೆ ನನ್ನನ್ನೇ ಕೇಳಿದರು! "ಬೇಡ ಶೀನಣ್ಣ, ಈಗಲೇ ಕಳಿಸೋಣ. ಅವತ್ತು ಕಾಯಿರಿ ಅಂತ ಹೇಳಿ ಕೆಡಿಸಿದ್ದು ನಾನೇ. ಇಷ್ಟು ವರ್ಷ ನಿಮ್ಮ ಹತ್ರ ತಪ್ಪಾಯ್ತು ಅನ್ನಲಿಲ್ಲ. ತಪ್ಪಾಯ್ತು" ಎಂದೆ.

"ಅವತ್ತ್ ಅಂದ್ರೆ ಯಾವತ್ತ್?" ಶೀನಣ್ಣ ಕಾಫಿಯ ಲೋಟ ನೋಡುತ್ತ ಹೇಳಿದರು. "ನಂಗ್ ಅದೆಲ್ಲ ನೆನ್ಪಿಲ್ಲೆ ಮಾರಾಯ್ತಿ." ಒಂದು ಗುಟುಕು ಕುಡಿದರು. "ಆ ಸೋಮಾರ ತೊಂಬತ್ತಾರ್ ರುಪಾಯಿ ನಲ್ವತ್ತ್ ಪೈಸೆ ಇದ್ದಿತ್."

ನನಗೆ ಆ ರೇಟು ಮರೆತೇಹೋಗಿತ್ತು.

ಪೌಂಡು ಬರೆದೆ. ಐದು ಲಕ್ಷದ ಆರು ರೂಪಾಯಿ ಬಂತು. ರೂಢಿಯಂತೆ ಪೆನ್ನಿ ತೆಗೆಯಲು ಹೊರಟೆ. ಶೀನಣ್ಣ ಮುಂದೆ ಬಾಗಿ ನೋಡಿ, ನನ್ನ ಕೈ ಹಿಡಿದರು. "ಆರಿದ್ರೆ ಆರೇ ಆಯ್ಲಿ. ಒಂದ್ ಕೂಡುಕ್ ಕಾಯ್ಬೇಡ. ಒತ್ತ್." ಒತ್ತಿದೆ.

ಬುಧವಾರ ಮಧ್ಯಾಹ್ನ ಶೀನಣ್ಣನ ಫೋನು. ಹಣ ಸೇರಿದೆ, ಮುಂಗಡ ಕೊಟ್ಟಾಗಿದೆ, ಕೋಣೆಯ ಬೀಗದ ಕೈ ಗುಲಾಬಿಯ ಸೊಂಟದಲ್ಲಿದೆ ಎಂದು ಒಂದೇ ಉಸಿರಿಗೆ ಹೇಳಿದರು.

"ತಂಗೀ" ಎಂದರು. "ನಾ ಕೇಳ್ಳೇ ಇಲ್ಲೆ. ಗುಲಾಬಿ ತಾನೇ ಹೇಳ್ದಳ್, ಅಣ್ಣ, ಒಂದ್ ರುಪಾಯಿ ಹೆಚ್ಚೇ ಬಂತ್ ಅಂದೇಳಿ."

ಕಳಿಸಿದ್ದು ಆರು ಎಂದು ಅವರಿಗೂ ಗೊತ್ತಿತ್ತು. "ನೀವೇನಂದ್ರಿ ಶೀನಣ್ಣ?"

"ಎಂತ ಹೇಳುದ್? ಹೌದ್ ಗುಲಾಬಿ, ನಾನೇ ಹಾಕಿದ್ದ್ ಅಂದೆ."